ಚಪ್ಪಾಳೆಯನ್ನು ಅಳಿಸಿದ ಧ್ವನಿಮುದ್ರಿಕೆಗಳು

1973ನೆಯ ಇಸವಿ ನವೆಂಬರ್ 23ರ ರಾತ್ರಿ ಆಮ್‌ಸ್ಟರ್‌ಡ್ಯಾಮ್ ನಗರದ ಕಾನ್ಸರ್ಟ್‌ಗೆಬೌ ಸಭಾಮಂದಿರದಲ್ಲಿ ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ಎಂಬ ರಾಕ್ ತಂಡದ ಕಚೇರಿ ನಡೆಯಿತು. ಆ ಕಚೇರಿಯ ನಡುವೆ, ಮುಂಚಿತವಾಗಿ ಯಾವ ಏರ್ಪಾಡೂ ಇಲ್ಲದೆ, ಡೇವಿಡ್ ಕ್ರಾಸ್ ಅವರ ಪಿಟೀಲಿನಿಂದ ಅತಿ ಮೃದುವಾದ ಒಂದು ಸ್ವರದೆಳೆ ಹೊರಟಿತು. ಜಾನ್ ವೆಟನ್ ಬೇಸ್ ಗಿಟಾರಿನಿಂದ ಅದಕ್ಕೊಂದು ನೆಲೆಯನ್ನೊದಗಿಸಿದರು. ತಂಡದ ನಾಯಕ ರಾಬರ್ಟ್ ಫ್ರಿಪ್ ತಮ್ಮ ಗಿಟಾರನ್ನು ಬದಿಗಿರಿಸಿ ಮೆಲೊಟ್ರಾನ್ ವಾದ್ಯದ ಕೀಲಿಮಣೆಯಿಂದ ಕೊಳಲಿನ ದನಿಯನ್ನು ಹೊರಡಿಸಿದರು. ನಾಲ್ಕನೆಯವರಾದ ಡ್ರಮ್ಸ್ ವಾದಕ ಬಿಲ್ ಬ್ರುಫರ್ಡ್, ಈ ಸಂಗೀತಕ್ಕೆ ತಮ್ಮಿಂದ ಸಲ್ಲಬೇಕಾದದ್ದು ಏನೂ ಇಲ್ಲವೆಂದು ಆ ಕ್ಷಣದಲ್ಲಿಯೇ ನಿಶ್ಚಯಿಸಿ, ಕೋಲುಗಳೆರಡನ್ನೂ ಎದೆಯ ಮೇಲೆ ಅಡ್ಡಲಾಗಿ ಹಿಡಿದು, ಐದೂವರೆ ನಿಮಿಷಗಳಿಗೂ ಮೀರಿದ ಆ ಕಾಲವನ್ನು ಸುಮ್ಮನೆ ಕುಳಿತು ಕಳೆದರು. 'ಟ್ರಯೊ' ಎಂಬ ಹೆಸರಿನಿಂದ ಆ ಕೃತಿ ಮುದ್ರಿಕೆಯಾಗಿ ಹೊರಬಂದಾಗ ರಚನಕಾರರ ಸಾಲಿನಲ್ಲಿ ನಾಲ್ವರ ಹೆಸರೂ ಇದ್ದಿತು. ಒಂದೇ ಒಂದು ಪೆಟ್ಟನ್ನೂ ಹೊಡೆಯದ ವಾದಕನಿಗೆ ಕರ್ತೃತ್ವದಲ್ಲಿ ಪಾಲು ದೊರೆತ ನಿದರ್ಶನಗಳು ವಿರಳ. ಆದರೆ ಆ ಪಾಲು ನ್ಯಾಯವಾಗಿ ಸಲ್ಲತಕ್ಕದ್ದೇ ಆಗಿದ್ದಿತೆಂಬುದನ್ನು ಆ ಕೃತಿಯನ್ನು ಕೇಳಿದವರಾರೂ ಅಲ್ಲಗಳೆಯಲಾರರು.

ಆದರೆ ಆ ರಾತ್ರಿ ಅದೇ ಮಂದಿರದಲ್ಲಿ ಸುಮ್ಮನೆ ಕುಳಿತಿದ್ದವರು ಬ್ರುಫರ್ಡ್ ಒಬ್ಬರೇ ಅಲ್ಲ. ರಾಕ್ ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಕೂಗಾಟಗಳನ್ನೆಲ್ಲ ಮರೆತು ಉಸಿರು ಬಿಗಿಹಿಡಿದು ಕೇಳಿದ ಸಭಿಕರು ಅಲ್ಲಿ ತುಂಬಿದ್ದರು, ಮತ್ತು ಅವರ ಆ ಮೌನವಿಲ್ಲದೆ ಅಷ್ಟು ಸೂಕ್ಷ್ಮವಾದ ಸಂಗೀತ ಹುಟ್ಟುವುದಾಗಲಿ ಬದುಕುವುದಾಗಲಿ ಸಾಧ್ಯವಿರಲಿಲ್ಲ. ಅವರಿಗೆ ಯಾವ ಪಾಲೂ ದೊರೆಯಲಿಲ್ಲವೆಂಬುದು ಹಾಗಿರಲಿ, 1974ರ ಮಾರ್ಚ್ ತಿಂಗಳಿನಲ್ಲಿ 'ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್' ಎಂಬ ಎಲ್‌ಪಿಯಲ್ಲಿ ಈ ಕೃತಿ ಪ್ರಕಟವಾದಾಗ ಅವರ ಸುಳಿವೇ ಅದರಲ್ಲಿ ಉಳಿದಿರಲಿಲ್ಲ. ಚಪ್ಪಾಳೆಯನ್ನು ಕತ್ತರಿಸಿ ತೆಗೆದಿದ್ದರು. ತಾವು ಕೇಳುತ್ತಿರುವುದು ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆ ಹುಟ್ಟಿದ್ದಲ್ಲ, ಬಹಿರಂಗ ಸಭೆಯೊಂದರಲ್ಲಿ ಹುಟ್ಟಿದ್ದು ಎಂಬುದು ಆ ಎಲ್‌ಪಿಯನ್ನು ಕೊಂಡ ಬಹುಮಂದಿಗೆ ವರ್ಷಗಳವರೆಗೂ ತಿಳಿಯಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿದ ಆಯುಷ್ಯವನ್ನು ಕಂಡ ಈ ತಂಡದ ಕಚೇರಿ ಮುದ್ರಿಕೆಗಳನ್ನು ಒಂದಾದಮೇಲೊಂದರಂತೆ ಕೇಳುತ್ತ ಹೋದಾಗ ನನಗೆ ಮೇಲಿಂದ ಮೇಲೆ ಎದುರಾದದ್ದು ವಾದಕರ ಕೌಶಲದ ಪ್ರಶ್ನೆಯಲ್ಲ. ಸಭಿಕರನ್ನು ಏನು ಮಾಡಬೇಕೆಂಬ ಪ್ರಶ್ನೆ. ಈ ತಂಡ ಅವರನ್ನು ಒಮ್ಮೆ ಮರೆಮಾಡಿತು, ಒಮ್ಮೆ ಉಳಿಸಿಕೊಂಡಿತು, ಒಮ್ಮೆ ಅವರೊಡನೆ ಜಗಳವಾಡಿತು, ಮತ್ತೊಮ್ಮೆ ಅವರ ಕೈಯಿಂದಲೇ ತನ್ನ ಕಳೆದುಹೋದ ಸಂಗೀತವನ್ನು ಪಡೆದುಕೊಂಡಿತು.

ತಂಡದ ಪೂರ್ವೋತ್ತರವನ್ನು ವಿಸ್ತರಿಸುವ ಅಗತ್ಯವಿಲ್ಲ. ಒಂದೆರಡು ಮಾತು ಸಾಕು. 1969ರ ಜನವರಿ 13ರಂದು ಲಂಡನ್ನಿನ ಫುಲಮ್ ಪ್ಯಾಲೆಸ್ ರಸ್ತೆಯ ಹೋಟೆಲೊಂದರ ನೆಲಮಾಳಿಗೆಯಲ್ಲಿ ಫ್ರಿಪ್, ಇಯಾನ್ ಮೆಕ್‌ಡೊನಾಲ್ಡ್, ಗ್ರೆಗ್ ಲೇಕ್, ಮೈಕೆಲ್ ಜೈಲ್ಸ್ ಇವರು, ಗೀತಕಾರ ಪೀಟರ್ ಸಿನ್‌ಫೀಲ್ಡರನ್ನು ಜೊತೆಗಿರಿಸಿಕೊಂಡು, ಅಭ್ಯಾಸವನ್ನಾರಂಭಿಸಿದರು. ಆರು ತಿಂಗಳು ತುಂಬುವ ಮೊದಲೇ, ಜುಲೈ 5ರಂದು, ಹೈಡ್ ಪಾರ್ಕಿನ ಬಯಲಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಚೇರಿಗೆ ಮುನ್ನ ಲಕ್ಷಾಂತರ ಜನರೆದುರಿಗೆ ನುಡಿಸತಕ್ಕ ಅವಕಾಶ ಅವರಿಗೊದಗಿತು. ಅಕ್ಟೋಬರಿನಲ್ಲಿ ಹೊರಬಂದ ಅವರ ಮೊದಲ ಎಲ್‌ಪಿ, ಮುಂದೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರಾದ ಸಂಪ್ರದಾಯಕ್ಕೆ, ಎಂದರೆ ರಾಕ್‌ನ ಆರ್ಭಟಕ್ಕೆ ಯೂರೋಪಿನ ಶಾಸ್ತ್ರೀಯ ಸಂಗೀತದ ರಚನಾವಿಸ್ತಾರವನ್ನೂ ಜಾಜ್‌ನ ಸ್ವಾತಂತ್ರ್ಯವನ್ನೂ ಕೂಡಿಸಹೊರಟ ಪಂಥಕ್ಕೆ, ಪೀಠಿಕೆಯಾಯಿತು. ವರ್ಷ ಮುಗಿಯುವುದರೊಳಗೆ, ಅಮೆರಿಕದ ಪ್ರವಾಸದಲ್ಲಿಯೇ, ಮೆಕ್‌ಡೊನಾಲ್ಡ್ ಮತ್ತು ಜೈಲ್ಸ್ ತಂಡವನ್ನು ಬಿಡುವ ನಿರ್ಧಾರಕ್ಕೆ ಬಂದರು. ಅಲ್ಲಿಂದ ಮುಂದೆ ಸದಸ್ಯರು ಬಂದರು, ಹೋದರು; ತಂಡ ಹಲವು ಸಲ ಮುಚ್ಚಿತು, ಮತ್ತೆ ತೆರೆಯಿತು; ಆದಿಯಿಂದ ಅಂತ್ಯದವರೆಗೆ ಇದ್ದವರು, ಎತ್ತರದ ಸ್ಟೂಲಿನ ಮೇಲೆ ಕುಳಿತೇ ಗಿಟಾರ್ ನುಡಿಸುವ, ರಾಕ್ ಕಲಾವಿದರಿಗಿಂತ ಯಾವುದೋ ಕಾಲೇಜಿನ ಪ್ರಾಧ್ಯಾಪಕರನ್ನು ಹೆಚ್ಚಾಗಿ ಹೋಲುವ ಫ್ರಿಪ್ ಒಬ್ಬರೇ.

ಈ ಬಗೆಯ ತಂಡದಲ್ಲಿ ಕಚೇರಿಗೆ ಇರತಕ್ಕ ಸ್ಥಾನ ಬೇರೆ. ಜನಪ್ರಿಯ ಸಂಗೀತದ ವ್ಯವಹಾರದಲ್ಲಿ ಸ್ಟುಡಿಯೋದಲ್ಲಿ ತಯಾರಾದ ಮುದ್ರಿಕೆಯೇ ಮೂಲಪ್ರತಿ. ಕಚೇರಿ ಅದರ ನಕಲು, ಹೆಚ್ಚೆಂದರೆ ಅದರ ಜಾಹೀರಾತು. ಕಿಂಗ್ ಕ್ರಿಮ್ಸನ್ನಿನ ಮಟ್ಟಿಗೆ, ವಿಶೇಷವಾಗಿ 1972ರಿಂದ 1974ರವರೆಗಿನ ತಂಡದ ಮಟ್ಟಿಗೆ, ಈ ಕ್ರಮ ತಿರುವುಮುರುವಾಗಿತ್ತು. ಸ್ಟುಡಿಯೋದಲ್ಲಿ ಮುದ್ರಿತವಾದದ್ದು ಕರಡು. ಅದಕ್ಕೆ ಪ್ರಾಣ ಬರುತ್ತಿದ್ದುದು ಸಭೆಯಲ್ಲಿ. ಅಲ್ಲದೆ, ಪ್ರತಿಯೊಂದು ಕಚೇರಿಯಲ್ಲಿಯೂ ಯಾವ ರಚನೆಗೂ ಸೇರದ, ಆ ಕ್ಷಣದಲ್ಲಿಯೇ ಹುಟ್ಟಿ ಆಗಲೇ ಮುಗಿದುಹೋಗುವ ದೀರ್ಘ ವಾದನಗಳಿರುತ್ತಿದ್ದುವು. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಮನೋಧರ್ಮದ ಭಾಗಕ್ಕಾಗಿ ಕಾದು ಕುಳಿತು ಅಭ್ಯಾಸವಾದ ಕಿವಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ವ್ಯತ್ಯಾಸವಿಷ್ಟೇ, ನಮ್ಮಲ್ಲಿ ವಿದ್ವಾಂಸನ ಬೆನ್ನಿಗೆ ರಾಗವೂ ತಾಳವೂ ಕಾವಲಿರುತ್ತವೆ, ಇವರಿಗೆ ಶ್ರುತಿಯ ಆಸರೆಯೂ ನಿಶ್ಚಿತವಾಗಿರಲಿಲ್ಲ. ಒಬ್ಬರು ತೊಡಗಿದ್ದನ್ನು ಇನ್ನೊಬ್ಬರು ಕೈಬಿಟ್ಟರೆ ಸಭೆಯ ಮುಂದೆ ಎಲ್ಲವೂ ಕುಸಿಯುತ್ತಿತ್ತು; ಹಲವು ರಾತ್ರಿ ಕುಸಿಯಿತು ಕೂಡ.

ಇಂಥ ಸಂಗೀತವನ್ನು ಯಂತ್ರದಲ್ಲಿ ಹಿಡಿಯುವ ಮೊದಲ ಯತ್ನ ಮಾತ್ರ ಸಾಕಷ್ಟು ಅಪಕೀರ್ತಿಯನ್ನು ತಂದಿತು. 1972ರ ಆರಂಭದಲ್ಲಿ ತಂಡ ಒಡೆದುಹೋಗಿದ್ದರೂ, ಒಪ್ಪಿಕೊಂಡಿದ್ದ ಅಮೆರಿಕದ ಪ್ರವಾಸವನ್ನು ಪೂರೈಸಲೇಬೇಕಾದ್ದರಿಂದ, ಫ್ರಿಪ್, ಮೆಲ್ ಕಾಲಿನ್ಸ್, ಇಯಾನ್ ವಾಲೇಸ್, ಬಾಜ್ ಬರೆಲ್ ಈ ನಾಲ್ವರು ಕೂಡಿ ಹೊರಟರು. ಬರೆಲ್ ಹಾಡುಗಾರರಾಗಿ ಸೇರಿದವರು. ಬೇಸ್ ಗಿಟಾರನ್ನು ಅವರಿಗೆ ಕಲಿಸಿದವರು ಫ್ರಿಪ್. ತಂಡದ ಭವಿಷ್ಯದ ಚಿಂತೆ ತೀರಿಹೋಗಿದ್ದ ಕಾರಣದಿಂದಲೋ ಏನೋ, ಫ್ರಿಪ್‌ರನ್ನು ಬಿಟ್ಟು ಮಿಕ್ಕ ಮೂವರೂ ತಮಗೆ ಸಹಜವಾದ ಬ್ಲೂಸ್ ಮತ್ತು ಫಂಕ್ ಧಾಟಿಗಳಲ್ಲಿ ಮನಬಂದಂತೆ ವಿಹರಿಸತೊಡಗಿದರು. ಈ ಕಚೇರಿಗಳನ್ನು, ವೇದಿಕೆಯ ಧ್ವನಿಗಳನ್ನು ಬೆರೆಸಿ ಧ್ವನಿವರ್ಧಕಗಳಿಗೆ ಕಳುಹಿಸುವ ಮಿಕ್ಸರಿನಿಂದ ನೇರವಾಗಿ ಆಂಪೆಕ್ಸ್ ಕ್ಯಾಸೆಟ್ ಯಂತ್ರವೊಂದಕ್ಕೆ ಇಳಿಸಿಕೊಂಡು, ಅವುಗಳಲ್ಲಿ ಕೆಲವನ್ನಾಯ್ದು ಅದೇ ವರ್ಷದ ಜೂನ್ ತಿಂಗಳಲ್ಲಿ 'ಅರ್ತ್‌ಬೌಂಡ್' ಎಂಬ ಎಲ್‌ಪಿಯಾಗಿ ಹೊರತಂದರು. ಧ್ವನಿಯ ಗುಣಮಟ್ಟ ಎಷ್ಟು ಕೀಳೆಂದರೆ, ಅಮೆರಿಕದಲ್ಲಿ ಮಾಡಿದ ಈ ಮುದ್ರಣವನ್ನು ಅಮೆರಿಕದ ಅಟ್ಲಾಂಟಿಕ್ ಕಂಪನಿಯೇ ಪ್ರಕಟಿಸಲೊಲ್ಲದೆ ಬಿಟ್ಟಿತು. ಇಂಗ್ಲೆಂಡಿನಲ್ಲಿ ಅದು ಐಲೆಂಡ್ ಸಂಸ್ಥೆಯ ಅಗ್ಗದ ದರದ ಮಾಲಿಕೆಯೊಂದರಲ್ಲಿ ಬಂದಿತು.

ಇಲ್ಲಿ ಕಚೇರಿಯ ಧ್ವನಿಯನ್ನು ಹಿಡಿಯುವ ವಿಧಾನದ ಬಗ್ಗೆ ಸ್ವಲ್ಪ ಹೇಳಬೇಕಾಗಿದೆ. ಮಿಕ್ಸರಿನಿಂದ ಇಳಿಸಿಕೊಂಡ ಮುದ್ರಣ ನಿರ್ದುಷ್ಟವಾಗಿರಬೇಕಲ್ಲವೇ ಎಂದು ತೋರುವುದು ಸಹಜ, ನಿಜಸ್ಥಿತಿ ಹಾಗಲ್ಲ. ಸಣ್ಣ ಸಭಾಂಗಣದಲ್ಲಿ ಡ್ರಮ್ಸಿನ ಪೆಟ್ಟಾಗಲಿ ಗಿಟಾರಿನ ಆಂಪ್ಲಿಫೈಯರಿನ ಗರ್ಜನೆಯಾಗಲಿ ಯಾರ ನೆರವೂ ಇಲ್ಲದೆ ಕೊನೆಯ ಸಾಲನ್ನು ಮುಟ್ಟುತ್ತವೆ. ಆದಕಾರಣ ಮಿಕ್ಸರಿನವನು ಅವುಗಳನ್ನು ತಗ್ಗಿಸಿ, ತಾನಾಗಿ ಕೇಳಿಸದ ಕಂಠವನ್ನು ಏರಿಸಿರುತ್ತಾನೆ. ಅಂದರೆ ಮಿಕ್ಸರಿನಲ್ಲಿ ಇರುವುದು ಸಂಗೀತವಲ್ಲ, ಸಂಗೀತದ ಕೊರತೆಯನ್ನು ತುಂಬುವ ಭಾಗವಷ್ಟೇ. ಅದನ್ನು ಮಾತ್ರ ಮುದ್ರಿಸಿಕೊಂಡರೆ ಹಾಡುವವನು ಕಿವಿಯ ಪಕ್ಕದಲ್ಲಿಯೂ ಡ್ರಮ್ಸು ಆಚೆಯ ಬೀದಿಯಲ್ಲಿಯೂ ಇದ್ದಂತೆ ಕೇಳುತ್ತದೆ. ಸಭಿಕರ ನಡುವೆ ಕುಳಿತವನ ಗುಪ್ತ ಯಂತ್ರದಲ್ಲಾದರೆ ಎಲ್ಲವೂ ತಕ್ಕ ಪ್ರಮಾಣದಲ್ಲಿರುತ್ತದೆ, ಆದರೆ ಕಂಬಳಿ ಹೊದ್ದಂತಿರುತ್ತದೆ, ನೆರೆಯವನ ಹರಟೆಯೂ ಕೂಡಿರುತ್ತದೆ. ಒಂದೊಂದು ವಾದ್ಯಕ್ಕೂ ಒಂದೊಂದು ಪ್ರತ್ಯೇಕ ಟ್ರ್ಯಾಕನ್ನು ಮೀಸಲಿಟ್ಟು, ಸಭಾಮಂದಿರದ ಹೊರಗೆ ನಿಂತ ವ್ಯಾನಿನೊಳಗಣ ಯಂತ್ರಗಳಲ್ಲಿ ಹಿಡಿಯುವುದೊಂದೇ ತೃಪ್ತಿಕರವಾದ ಮಾರ್ಗ. ಅದಕ್ಕೆ ತಗಲುವ ವೆಚ್ಚವೂ ಅಷ್ಟೇ ಭಾರಿಯದು. 'ಅರ್ತ್‌ಬೌಂಡ್' ಕ್ಯಾಸೆಟ್ಟಿನ ಮಾರ್ಗವನ್ನು ಹಿಡಿದದ್ದರಿಂದ ಕೆಟ್ಟಿತು. ಆದರೂ ಆ ಎಲ್‌ಪಿಯ ಮೊದಲಿನಲ್ಲಿರುವ '21ಸ್ಟ್ ಸೆಂಚುರಿ ಸ್ಕಿಟ್ಸಾಯ್ಡ್ ಮ್ಯಾನ್' ಪ್ರಯೋಗದಲ್ಲಿ ಕಾಲಿನ್ಸರ ಸ್ಯಾಕ್ಸಫೋನೂ ಫ್ರಿಪ್‌ರ ಗಿಟಾರೂ ಮುದ್ರಣಯಂತ್ರದ ಮಿತಿಯನ್ನು ಒಡೆದು ಹೊರನುಗ್ಗಲು ಹವಣಿಸುವ ರೀತಿ, ಶುದ್ಧವಾದ ಮುದ್ರಣದಲ್ಲಿ ಇಷ್ಟು ಭಯಂಕರವಾಗಿ ಕೇಳುತ್ತಿತ್ತೇ ಎಂಬ ಸಂಶಯ ನನಗಿದೆ. ದೋಷವೇ ಗುಣವಾದ ಸಂದರ್ಭಗಳನ್ನು ಅಲಂಕಾರಶಾಸ್ತ್ರಕಾರರೂ ಒಪ್ಪಿದ್ದಾರೆ.

ಆಮ್‌ಸ್ಟರ್‌ಡ್ಯಾಮಿಗೆ ಬಂದ ತಂಡ ಈ ಪ್ರವಾಸದ ತಂಡವಲ್ಲ. 1972ರ ಉತ್ತರಾರ್ಧದಲ್ಲಿ ಫ್ರಿಪ್, ವೆಟನ್, ಬ್ರುಫರ್ಡ್, ಕ್ರಾಸ್ ಇವರೊಡನೆ ಜೇಮೀ ಮ್ಯೂರ್ ಎಂಬ ತಾಳವಾದ್ಯಗಾರರೂ ಸೇರಿ ಕಟ್ಟಿದ ಹೊಸ ತಂಡ ಅದು. ಮ್ಯೂರ್ ಕೆಲವು ತಿಂಗಳಲ್ಲಿಯೇ ಸಂಗೀತವನ್ನು ಬಿಟ್ಟು ಸ್ಕಾಟ್ಲೆಂಡಿನ ಬೌದ್ಧ ವಿಹಾರವೊಂದನ್ನು ಸೇರಿದ್ದರು. ಉಳಿದ ನಾಲ್ವರು 1973ರ ಶರತ್ಕಾಲದಲ್ಲಿ ಯೂರೋಪನ್ನು ಸುತ್ತುತ್ತ ತಮ್ಮ ಮುಂದಿನ ಎಲ್‌ಪಿಗೆ ಬೇಕಾದ ಸಾಮಗ್ರಿಯನ್ನು ವೇದಿಕೆಯ ಮೇಲೆಯೇ ಸಂಪಾದಿಸಿಕೊಂಡರು. ಸಂಪೂರ್ಣವಾಗಿ ಸ್ಟುಡಿಯೋದಲ್ಲಿ ತಯಾರಾದ ಕೃತಿಗಳು ಅದರಲ್ಲಿ ಎರಡೇ. ಉಳಿದವುಗಳಲ್ಲಿ ಒಂದು ಗ್ಲಾಸ್ಗೋದಲ್ಲಿ ಹುಟ್ಟಿದ್ದು, ಮತ್ತೊಂದರ ಮೂಲ ಜ್ಯೂರಿಕ್‌ನದು, ಮಿಕ್ಕ ದೊಡ್ಡ ಭಾಗವೆಲ್ಲ ಕಾನ್ಸರ್ಟ್‌ಗೆಬೌ ಮಂದಿರದ್ದು. ರೆಂಬ್ರಾಂಟನ ವಿಖ್ಯಾತ ಚಿತ್ರವನ್ನು ಕುರಿತ 'ದಿ ನೈಟ್ ವಾಚ್' ಎಂಬ ಹಾಡಿನ ಪ್ರಾರಂಭಭಾಗವೂ ಆ ಮಂದಿರದ್ದೇ, ಮುಂದಿನದು ಸ್ಟುಡಿಯೋದ್ದು. ಆ ಚಿತ್ರವಿರುವ ರೈಕ್ಸ್ ಮ್ಯೂಸಿಯಂ ಇರುವುದು ಕಾನ್ಸರ್ಟ್‌ಗೆಬೌ ಮಂದಿರದೆದುರಿನ ಬಯಲಿನ ಇನ್ನೊಂದು ತುದಿಯಲ್ಲಿ. ಚಿತ್ರದ ಮೇಲಿನ ಹಾಡನ್ನು ಚಿತ್ರದಿಂದ ಕೂಗಳತೆಯ ದೂರದಲ್ಲಿ ಹಾಡಿ ಮುದ್ರಿಸಿಕೊಳ್ಳುವ ಯೋಗ ಎಲ್ಲ ತಂಡಗಳಿಗೂ ಒದಗತಕ್ಕದ್ದಲ್ಲ.

ಆ ರಾತ್ರಿಯ ಕಚೇರಿ ಬಾನುಲಿಯಲ್ಲಿ ಪ್ರಸಾರವಾದದ್ದರಿಂದ ಇನ್ನೊಂದು ಕಥೆಗೂ ಮೂಲವಾಯಿತು. ಪ್ರಸಾರವನ್ನು ಹಿಡಿದುಕೊಂಡ ಯಾರೋ ಅದನ್ನು ಎಲ್‌ಪಿಯಾಗಿ ಒತ್ತಿಸಿ ಕಳ್ಳಪೇಟೆಯಲ್ಲಿ ಮಾರಿದರು. ಅದು ಅಭಿಮಾನಿಗಳ ನಡುವೆ ದೇಶದೇಶಗಳಲ್ಲಿ ಹರಡಿತು. ಅಧಿಕೃತ ಎಲ್‌ಪಿಯಲ್ಲಿ ಸಭೆಯಿಲ್ಲದ ಸಂಗೀತ, ಅನಧಿಕೃತ ಎಲ್‌ಪಿಯಲ್ಲಿ ಸಭೆಸಮೇತವಾದ ಅದೇ ಸಂಗೀತ: ಒಂದೇ ರಾತ್ರಿಯ ಈ ಎರಡು ಸಾಕ್ಷ್ಯಗಳು ಇಪ್ಪತ್ತಕ್ಕೂ ಹೆಚ್ಚು ವರ್ಷ ಪರಸ್ಪರ ಪರಿಚಯವಿಲ್ಲದಂತೆ ಬಾಳಿದುವು. 1997ರಲ್ಲಿ ಪೂರ್ಣ ಕಚೇರಿ 'ದಿ ನೈಟ್ ವಾಚ್' ಎಂಬ ಹೆಸರಿನಿಂದಲೇ ಎರಡು ಸಿ.ಡಿ.ಗಳಾಗಿ ಹೊರಬಂದ ಮೇಲೆ, 'ಟ್ರಯೊ' ಮುಗಿದೊಡನೆ ಸಭಿಕರು ಏನು ಮಾಡಿದರೆಂಬುದು ಸಾಮಾನ್ಯ ಶ್ರೋತೃವಿಗೂ ತಿಳಿಯಿತು. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, 1974ರಲ್ಲಿ ಆ ಚಪ್ಪಾಳೆಯನ್ನು ಅಳಿಸಿದ್ದು ಸರಿ. ಅದು ಸಭೆಯನ್ನು ಅವಮಾನಿಸಿದ್ದಲ್ಲ. ಸಭಿಕರ ಉತ್ತಮವಾದ ದಾನ ಅವರ ಮೌನ, ಅದು ಸಂಗೀತದೊಳಗೆಯೇ ಇದೆ, ಅದನ್ನು ಯಾವ ಕತ್ತರಿಯೂ ತೆಗೆಯಲಾರದು.

ಇದೇ ತಂಡದ ಕೊನೆಯ ದಿನಗಳ ದಾಖಲೆಯಾದ 'ಯುಎಸ್‌ಎ' ಎಂಬ ಎಲ್‌ಪಿಯ ವಿಷಯದಲ್ಲಿ ಮಾತ್ರ ನಾನು ಇಷ್ಟು ಉದಾರನಾಗಲಾರೆ. 1974ರ ಜೂನ್ 28ರಂದು ನ್ಯೂಜೆರ್ಸಿಯ ಕಡಲ ತಡಿಯ ಆಸ್ಬರಿ ಪಾರ್ಕ್ ಊರಿನ ಕ್ಯಾಸಿನೋ ಸಭಾಂಗಣದಲ್ಲಿಯೂ, ಎರಡು ದಿನಗಳ ತರುವಾಯ ಪ್ರಾವಿಡೆನ್ಸ್ ನಗರದಲ್ಲಿಯೂ ನಡೆದ ಕಚೇರಿಗಳು ಅದರ ಮೂಲ. ಜುಲೈ 1ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನುಡಿಸಿದ್ದೇ ಆ ತಂಡದ ಕೊನೆಯ ಕಚೇರಿ. ಸೆಪ್ಟೆಂಬರಿನಲ್ಲಿ ಫ್ರಿಪ್ ತಂಡ ಮುಗಿಯಿತೆಂದು ಸಾರಿಬಿಟ್ಟರು. ಎಲ್‌ಪಿ ಬಂದದ್ದು 1975ರಲ್ಲಿ. ವೆಟನ್ ಮತ್ತು ಬ್ರುಫರ್ಡರ ಜೋಡಿ ಆ ಹೊತ್ತಿಗೆ ಎಷ್ಟು ಪ್ರಚಂಡವಾಗಿ ಬೆಳೆದಿತ್ತೆಂದರೆ, ಕ್ರಾಸರ ಪಿಟೀಲು ಅದರ ಎದುರು ರಾತ್ರಿರಾತ್ರಿಗೂ ಮುಳುಗುತ್ತಿತ್ತು. ಎಲ್‌ಪಿ ಸಿದ್ಧಮಾಡುವಾಗ ಈ ನ್ಯೂನತೆಯನ್ನು ಪರಿಹರಿಸಲೆಂದು, ಎಂದೂ ಆ ತಂಡದ ಸದಸ್ಯರಾಗಿರದ ಎಡ್ಡಿ ಜಾಬ್ಸನ್ ಎಂಬ ಮತ್ತೊಬ್ಬ ಸಮರ್ಥರನ್ನು ಸ್ಟುಡಿಯೋಕ್ಕೆ ಕರೆಸಿ, ಕೆಲವು ಕೃತಿಗಳಿಗೆ ಅವರ ಪಿಟೀಲನ್ನೂ ಪಿಯಾನೋವನ್ನೂ ಹೊಸದಾಗಿ ಸೇರಿಸಿದರು. ಸಭಿಕರ ಚಪ್ಪಾಳೆಯನ್ನು ಮಾತ್ರ ಹಾಗೆಯೇ ಉಳಿಸಿದರು. ಆಸ್ಬರಿ ಪಾರ್ಕಿನ ಜನ ತಾವು ಕೇಳದ ಪಿಟೀಲಿಗೆ ಕರತಾಡನ ಮಾಡಿದಂತಾಯಿತು! ಮುದ್ರಿಕೆಯ ವೈಭವಕ್ಕೆ ಇದರಿಂದ ಕುಂದುಂಟಾಗಿಲ್ಲ, ಅದರಲ್ಲಿನ 'ಆಸ್ಬರಿ ಪಾರ್ಕ್' ಎಂಬ ಆಶುವಾದನ ಈ ತಂಡದ ಉತ್ತಮೋತ್ತಮ ಕ್ಷಣಗಳಲ್ಲಿ ಒಂದು. ಆದರೆ ಸಾಕ್ಷಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡೇ ದಸ್ತಾವೇಜನ್ನು ತಿದ್ದಿದ ಇರಸುಮುರುಸು ಅದರಲ್ಲಿದೆ. ಅಚ್ಚರಿಯೆಂದರೆ, ಪ್ರಾವಿಡೆನ್ಸಿನ ಅದೇ ಕಚೇರಿಯ ಒಂದು ಆಶುವಾದನ, ಕ್ರಾಸರ ಪಿಟೀಲಿನಿಂದಲೇ ಮೊದಲಾಗುವಂಥದು, ಚಪ್ಪಾಳೆಯನ್ನು ಕಳೆದುಕೊಂಡು 'ರೆಡ್' ಎಂಬ ಸ್ಟುಡಿಯೋ ಎಲ್‌ಪಿಯೊಳಕ್ಕೆ ಸೇರಿತು. ಒಂದೇ ರಾತ್ರಿಯ ಸಂಗೀತ ಒಂದೆಡೆ ಸಭೆಯೊಡನೆ ಬೇರೆಯವರ ಪಿಟೀಲಿನಿಂದಲೂ ಮತ್ತೊಂದೆಡೆ ಸಭೆಯಿಲ್ಲದೆ ಮೂಲ ಪಿಟೀಲಿನಿಂದಲೂ ಉಳಿದುಬಂದಿತು.

'ಅರ್ತ್‌ಬೌಂಡ್' ಮತ್ತು 'ಯುಎಸ್‌ಎ' ಎರಡೂ ಸಿ.ಡಿ. ರೂಪದಲ್ಲಿ ಅಧಿಕೃತವಾಗಿ ಹೊರಬರಲು 2002ರವರೆಗೆ ಕಾಯಬೇಕಾಯಿತು. ತಂಡ ಹಿಂದೆಗೆದಷ್ಟೂ ಕಳ್ಳಪೇಟೆ ಮುಂದೆ ಬಂದಿತು. ಸಭಿಕರ ನಡುವೆ ಕುಳಿತು ಕೋಟಿನೊಳಗೆ ಯಂತ್ರವನ್ನಡಗಿಸಿಕೊಂಡು ಮುದ್ರಿಸುವವರ ಮೇಲೆ ಫ್ರಿಪ್‌ರಿಗಿದ್ದ ಕೋಪ ಸಾಮಾನ್ಯವಾದದ್ದಲ್ಲ. ಅದರ ಕಾರಣ ಕೇವಲ ಹಣವೂ ಅಲ್ಲ. ಕೇಳಲು ಬಂದವನು ದಾಖಲೆ ಮಾಡುವುದರಲ್ಲಿ ತೊಡಗಿದರೆ ಅವನು ಆ ಹೊತ್ತಿನಲ್ಲಿ ಅಲ್ಲಿ ಇಲ್ಲವೆಂದೇ ಅರ್ಥ, ಮತ್ತು ಒಬ್ಬನ ಗೈರುಹಾಜರಿ ಸಭೆಯ ಒಟ್ಟು ಬಲವನ್ನು ಕುಗ್ಗಿಸುತ್ತದೆ ಎಂಬುದು ಅವರ ನಿಲುವು. ಕ್ಯಾಮೆರಾದ ಮಿಂಚು ಕಂಡೊಡನೆ ಕಚೇರಿಯ ನಡುವೆ ವೇದಿಕೆಯನ್ನು ಬಿಟ್ಟೆದ್ದ ಪ್ರಸಂಗಗಳೂ ಉಂಟು. ಇದನ್ನು ಅಹಂಕಾರವೆಂದವರಿದ್ದಾರೆ. ನಾನು ಹಾಗೆನ್ನಲಾರೆ, ಸಹೃದಯನಿಲ್ಲದೆ ರಸವಿಲ್ಲವೆಂಬ ಮಾತನ್ನು ನಾವು ಗ್ರಂಥದಲ್ಲಿ ಓದಿ ತಲೆದೂಗುತ್ತೇವೆ, ಈತ ಅದನ್ನು ಟಿಕೆಟ್ ಕೊಂಡವರ ಮೇಲೆ ಅಕ್ಷರಶಃ ಜಾರಿಗೆ ತರಹೊರಟರು.

ಆದರೆ ಇದೇ ಫ್ರಿಪ್ ಕಳ್ಳರಿಗೆ ಋಣಿಯೂ ಆಗಬೇಕಾಯಿತೆಂಬುದು ಈ ಕಥೆಯ ಸ್ವಾರಸ್ಯ. 1992ರಲ್ಲಿ ಅವರು ಡೇವಿಡ್ ಸಿಂಗಲ್ಟನ್‌ರ ಜೊತೆಗೂಡಿ, ಕೃತಿಸ್ವಾಮ್ಯ ಕಲಾವಿದರಲ್ಲಿಯೇ ಉಳಿಯತಕ್ಕದ್ದೆಂಬ ನಿಯಮದ ಮೇಲೆ, ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. 1973 ಮತ್ತು 1974ರ ಕಚೇರಿಗಳ ನಾಲ್ಕು ಸಿ.ಡಿ.ಗಳ ಸಂಪುಟ 'ದಿ ಗ್ರೇಟ್ ಡಿಸೀವರ್' ಹೊರಬಂದದ್ದೂ ಆ ವರ್ಷವೇ; ಕ್ರಾಸರ ಪಿಟೀಲಿಗೆ ನಡೆದಿದ್ದ ಅನ್ಯಾಯಕ್ಕೆ ಪರಿಹಾರ ಮೊದಲು ದೊರೆತದ್ದು ಇದರಲ್ಲಿ. ಆದರೆ 1969ರ ಮೂಲ ತಂಡದ ಕಚೇರಿಗಳನ್ನು ಉದ್ಧರಿಸಹೊರಟಾಗ ತಂಡದ ಬಳಿ ಇದ್ದ ಟೇಪುಗಳು ಸಾಲಲಿಲ್ಲ. ಆ ತಂಡ ಬಾಳಿದ್ದು ಒಂದು ವರ್ಷ. ಅಮೆರಿಕದ ಫಿಲ್‌ಮೋರ್ ಸಭಾಂಗಣಗಳ ಟೇಪುಗಳು, ಬಿಬಿಸಿಯ ಪ್ರಸಾರಗಳು ಇವನ್ನು ಬಿಟ್ಟರೆ, ಚೆಸ್ಟರ್‌ಫೀಲ್ಡಿನ ಜಾಜ್ ಕ್ಲಬ್ಬಿನಂಥ ಸ್ಥಳಗಳಲ್ಲಿ ಅವರು ನುಡಿಸಿದ್ದಕ್ಕೆ ಸಾಕ್ಷಿಯಾಗಿ ಉಳಿದಿದ್ದುವು ಯಾರೋ ಶ್ರೋತೃಗಳು ಮಾಡಿಕೊಂಡಿದ್ದ ಮಸುಕಾದ ಮುದ್ರಣಗಳು ಮಾತ್ರ. ಅವನ್ನೇ ತಂದು, ಗರಗರವನ್ನು ಸೋಸಿ, ವೇಗದ ಏರಿಳಿತವನ್ನು ಸರಿಪಡಿಸಿ, 1997ರಲ್ಲಿ 'ಎಪಿಟಾಫ್' ಎಂಬ ಮಾಲಿಕೆಯಲ್ಲಿ ಹೊರತಂದರು. ಹೈಡ್ ಪಾರ್ಕಿನ ಕಚೇರಿಯೂ ಇಂಥದೇ ಮೂಲದಿಂದ ಉಳಿದು ಬಂದಿದೆ. ಆ ಟೇಪಿನಲ್ಲಿ ಲಕ್ಷ ಜನರ ಬಯಲಿನ ಗಾಳಿಯಲ್ಲಿ ಸಂಗೀತ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುತ್ತದೆ. ಸಂಗೀತಕ್ಕಿಂತ ಜನಸಂದಣಿಯನ್ನೇ ಹೆಚ್ಚು ಕೇಳಿದಂತಾಗುತ್ತದೆ, ಚರಿತ್ರೆಯ ವಿದ್ಯಾರ್ಥಿಗೆ ಹೊರತು ಮತ್ತಾರಿಗೂ ನಾನು ಅದನ್ನು ಶಿಫಾರಸು ಮಾಡಲಾರೆ.

ಕಳ್ಳರನ್ನು ತಡೆಯಲಾಗದಿದ್ದಾಗ ಅವರ ದಂಧೆಯನ್ನು ತಾವೇ ಕೈಗೊಳ್ಳುವುದೆಂಬ ನೀತಿ ಇದಕ್ಕೂ ಮೊದಲೇ ಹುಟ್ಟಿತ್ತು. 1994ರಲ್ಲಿ, ಹತ್ತು ವರ್ಷಗಳ ವಿರಾಮದ ತರುವಾಯ, ಆರು ಜನರ ಹೊಸ ತಂಡ ಅರ್ಜೆಂಟೀನದಲ್ಲಿ ಮೊದಲ ಕಚೇರಿಗಳನ್ನು ನಡೆಸಿದೊಡನೆ ಕಳ್ಳ ಸಿ.ಡಿ.ಗಳು ಪೇಟೆಗೆ ಬಂದುವು; ಅದಕ್ಕುತ್ತರವಾಗಿ ತಂಡವೇ ಮರುವರ್ಷ 'ಬಿ'ಬೂಮ್' ಎಂಬ ಜೋಡಿ ಸಿ.ಡಿ.ಯನ್ನು ಅಧಿಕೃತ ಕಳ್ಳಮುದ್ರಿಕೆಯೆಂದು ಲಕೋಟೆಯ ಮೇಲೆಯೇ ಅಚ್ಚುಹಾಕಿಸಿ ಮಾರಿತು. 1998ರಲ್ಲಿ ಚಂದಾದಾರರಿಗೆಂದೇ ಒಂದು ಸಂಗ್ರಾಹಕರ ಕೂಟ ಏರ್ಪಟ್ಟು, ಮಾರ್ಕೀ ಕ್ಲಬ್ಬಿನ 1969ರ ಕಚೇರಿಯಿಂದ ಮೊದಲ್ಗೊಂಡು ಹಳೆಯ ಟೇಪುಗಳು ಕ್ರಮವಾಗಿ ಅಂಚೆಯಲ್ಲಿ ಬರತೊಡಗಿದುವು. ಈ ಮಹಾಪೂರದಲ್ಲಿ ಕಾಳೂ ಇದೆ, ಜೊಳ್ಳೂ ಇದೆ. 1971 ಮತ್ತು 1972ರ ಕಚೇರಿಗಳಿಂದ ಆಯ್ದ 'ಲೇಡೀಸ್ ಆಫ್ ದಿ ರೋಡ್' ಎಂಬ ಸಂಪುಟದ ಎರಡನೆಯ ಸಿ.ಡಿ.ಯಲ್ಲಿ ಒಂದೇ ಹಾಡಿನ ನಾನಾ ರಾತ್ರಿಗಳ ವಾದನಗಳನ್ನು ಒಂದಕ್ಕೊಂದು ಹೊಲಿದು ಮುಕ್ಕಾಲು ಗಂಟೆಗೂ ಮೀರಿದ ಸರಮಾಲೆಯನ್ನು ಮಾಡಿದ್ದಾರೆ. ಅದನ್ನು ಒಂದೇ ಆಸನದಲ್ಲಿ ಕುಳಿತು ಕೇಳಬಲ್ಲವರ ಭಕ್ತಿಗೆ ನಾನು ದೂರದಿಂದಲೇ ನಮಸ್ಕರಿಸುತ್ತೇನೆ. 1995ರ ಪ್ರವಾಸದ ಆಶುವಾದನಗಳನ್ನು ಮಾತ್ರ ಕತ್ತರಿಸಿ ಜೋಡಿಸಿದ 'ಥ್ರ್ಯಾಕಟ್ಯಾಕ್' ಇನ್ನೂ ಕಠಿಣ.

ಇವುಗಳ ನಡುವೆ, ನಿಶ್ಚಿಂತೆಯಿಂದ ಯಾರ ಕೈಗೂ ಕೊಡಬಹುದಾದದ್ದು 'ಆಬ್ಸೆಂಟ್ ಲವರ್ಸ್'. ಫ್ರಿಪ್, ಬ್ರುಫರ್ಡ್, ಏಡ್ರಿಯನ್ ಬೆಲ್ಯೂ, ಟೋನಿ ಲೆವಿನ್ ಇವರ ಎಂಬತ್ತರ ದಶಕದ ತಂಡ 1984ರ ಜುಲೈ 11ರಂದು ಕೆನಡದ ಮಾಂಟ್ರಿಯಲ್‌ನಲ್ಲಿ ನಡೆಸಿದ ಕಚೇರಿ ಅದು. ಆ ತಂಡ ಆ ರೂಪದಲ್ಲಿ ಜನರ ಮುಂದೆ ನುಡಿಸಿದ್ದು ಅದೇ ಕೊನೆ. ಎರಡು ಗಿಟಾರುಗಳು ಬೇರೆಬೇರೆ ಗತಿಯ ಎಣಿಕೆಗಳಲ್ಲಿ ಹೊರಟು, ಒಂದನ್ನೊಂದು ಬಿಟ್ಟು, ದೂರ ಹೋಗಿ, ಮತ್ತೆ ಒಂದು ಬಿಂದುವಿನಲ್ಲಿ ಕೂಡುವ ಅವರ ಶೈಲಿ ಸ್ಟುಡಿಯೋದ ಎಲ್‌ಪಿಗಳಲ್ಲಿ ಗಡಿಯಾರದ ಚಕ್ರಗಳನ್ನು ಹೋಲುತ್ತದೆ. ಇಲ್ಲಿ ಬೆವರಿನಿಂದ ತೊಯ್ದು ಮನುಷ್ಯರದಾಗುತ್ತದೆ. ಕೂಡುವ ಬಿಂದುವಿಗೆ ಅವರು ಮುಟ್ಟುವುದನ್ನು ಕಾದಿದ್ದು ಕೂಗುವ ಮಾಂಟ್ರಿಯಲ್ ಜನರ ಹರ್ಷವನ್ನು ಅಳಿಸಿದ್ದರೆ ಈ ಮುದ್ರಿಕೆಯ ಅರ್ಧ ಸತ್ವ ಹೋಗುತ್ತಿತ್ತು. 'ಟ್ರಯೊ'ವಿಗೆ ಒಪ್ಪಿದ್ದು ಇದಕ್ಕೆ ಒಪ್ಪದು. ಔಚಿತ್ಯವೆಂಬುದನ್ನು ಒಂದೇ ಗಜಕಡ್ಡಿಯಿಂದ ಅಳೆಯಲು ಬಾರದು.

ಕೊನೆಯ ಅಂಕ 2014ರಲ್ಲಿ ಆರಂಭವಾಯಿತು. ಅರವತ್ತೆಂಟನೆಯ ವಯಸ್ಸಿನಲ್ಲಿ ಫ್ರಿಪ್ ಏಳು ಜನರ ತಂಡವನ್ನು ಕಟ್ಟಿದರು. ಮೂರು ಮಂದಿ ಡ್ರಮ್ಸ್ ವಾದಕರನ್ನು, ಪ್ಯಾಟ್ ಮಾಸ್ಟೆಲೊಟೊ, ಬಿಲ್ ರೀಫ್ಲಿನ್, ಗ್ಯಾವಿನ್ ಹ್ಯಾರಿಸನ್ ಇವರನ್ನು, ವೇದಿಕೆಯ ಮುಂಭಾಗದಲ್ಲಿಯೇ ಕೂರಿಸಿ, ತಾವು ಲೆವಿನ್, ಜ್ಯಾಕೊ ಜ್ಯಾಕ್ಸಿಕ್, ನಲವತ್ತು ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ಮೆಲ್ ಕಾಲಿನ್ಸ್ ಇವರೊಡನೆ ಹಿಂದಿನ ಎತ್ತರದ ಸಾಲಿನಲ್ಲಿ ಕುಳಿತರು. ಆ ವೇಳೆಗೆ ಪ್ರತಿಯೊಬ್ಬ ಸಭಿಕನ ಜೇಬಿನಲ್ಲಿಯೂ ಮೊಬೈಲ್ ಬಂದಿತ್ತು. ಕಚೇರಿಯ ಮೊದಲಲ್ಲಿ ಧ್ವನಿವರ್ಧಕದಲ್ಲಿ ವಿಜ್ಞಾಪನೆಯಾಗುತ್ತಿತ್ತು: ಮುದ್ರಣಕ್ಕೆ ನಿಮ್ಮ ಕಿವಿಗಳನ್ನೂ ಚಿತ್ರಗ್ರಹಣಕ್ಕೆ ನಿಮ್ಮ ಕಣ್ಣುಗಳನ್ನೂ ಮಾತ್ರ ಬಳಸಿಕೊಳ್ಳಿ ಎಂಬ ಭಾವದ್ದು. ಕೊನೆಯಲ್ಲಿ, ಎಲ್ಲವೂ ಮುಗಿದ ಮೇಲೆ, ಲೆವಿನ್ ತಮ್ಮ ಕ್ಯಾಮೆರಾವನ್ನು ಕೈಗೆತ್ತಿಕೊಂಡಾಗ ಸಭಿಕರೂ ತಮ್ಮದನ್ನು ಎತ್ತಬಹುದಾಗಿತ್ತು. ಅವರು ತಂಡದ ಚಿತ್ರವನ್ನು ತೆಗೆಯುತ್ತಿರುವಾಗ ವೇದಿಕೆಯಿಂದ ಲೆವಿನ್ ಸಭಿಕರ ಚಿತ್ರವನ್ನು ತೆಗೆಯುತ್ತಿದ್ದರು. ಅಂದಿನವರೆಗೂ ಕತ್ತರಿಗೆ ಗುರಿಯಾಗುತ್ತ ಬಂದವರಿಗೆ ದೊರೆತ ಈ ಗೌರವ ತಡವಾದರೂ ಸೊಗಸಾದದ್ದು.

ಆದರೆ ಕತ್ತರಿಯೂ ಸುಮ್ಮನಿರಲಿಲ್ಲ. 2016ರಲ್ಲಿ ಮೂರು ಸಿ.ಡಿ.ಗಳಾಗಿ ಬಂದ 'ರ್ಯಾಡಿಕಲ್ ಆ್ಯಕ್ಷನ್' ಬಹುಮಟ್ಟಿಗೆ 2015ರ ಡಿಸೆಂಬರಿನಲ್ಲಿ ಜಪಾನಿನ ತಕಾಮತ್ಸು ಊರಿನಲ್ಲಿ ನುಡಿಸಿದ ಕಚೇರಿಯ ಮುದ್ರಣ. ಅದರಲ್ಲಿ ಸಭಿಕರ ಸದ್ದನ್ನು ಸಂಪೂರ್ಣವಾಗಿ ತೊಡೆದುಹಾಕಿ, ಕೃತಿಗಳನ್ನೂ ಕಚೇರಿಯ ಅನುಕ್ರಮದಿಂದ ಬಿಡಿಸಿ, ಒಂದೊಂದು ಸಿ.ಡಿ.ಗೆ ಒಂದೊಂದು ಬಗೆಯಂತೆ ವಿಂಗಡಿಸಿದರು. ಎಂದೂ ನಡೆಯದ ಸ್ಟುಡಿಯೋ ಮುದ್ರಣದಂತೆ ಅದು ಕೇಳಬೇಕೆಂಬುದು ಉದ್ದೇಶ. ಲಾಭವಿಲ್ಲದೆ ಇಲ್ಲ: ಮೂವರು ಡ್ರಮ್ಸ್ ವಾದಕರು ಒಂದು ತಾಳವನ್ನು ಮೂರು ಪಾಲು ಮಾಡಿ ಎಡಕ್ಕೂ ನಡುವಿಗೂ ಬಲಕ್ಕೂ ಹಂಚಿಕೊಳ್ಳುವ ವಿವರ ಸಭಾಂಗಣದ ಯಾವ ಆಸನದಲ್ಲಿ ಕುಳಿತವರಿಗೂ ಇಷ್ಟು ಸ್ಪಷ್ಟವಾಗಿ ಕೇಳಿರಲಾರದು. ಆದರೆ 1974ರಲ್ಲಿ ಅಳಿಸಿದ್ದಕ್ಕೂ ಈಗ ಅಳಿಸಿದ್ದಕ್ಕೂ ಭೇದವಿದೆ. ಅಂದು ತೆಗೆದದ್ದು, ಯಾರೂ ಹಿಂದೆ ಕೇಳದಿದ್ದ ಹೊಸ ಸಂಗೀತದ ಅಂಚಿನಲ್ಲಿದ್ದ ಗದ್ದಲವನ್ನು. ಇಂದು ನುಡಿಸುತ್ತಿದ್ದುದರಲ್ಲಿ ಬಹುಭಾಗ, ಸಭಿಕರು ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡು ಬಂದಿದ್ದ ಹಳೆಯ ಸಂಗೀತ. ಅದರ ಮೊದಲ ಸ್ವರ ಕಿವಿಗೆ ಬಿದ್ದೊಡನೆ ಅವರಿಂದ ಏಳುವ ಉದ್ಗಾರ ಆ ಸಂಗೀತದ ಈಗಿನ ಅರ್ಥದ ಭಾಗವಾಗಿ ಹೋಗಿದೆ. ಅದನ್ನು ತೆಗೆದರೆ ಮಿಗುವುದು ಒಪ್ಪವಾಗಿ ತೊಳೆದಿಟ್ಟ ಪಾತ್ರೆ. ತಂಡಕ್ಕೂ ಇದು ಹೊಳೆದಿರಬೇಕು, ಅಥವಾ ಮಾರಾಟದವರಿಗಾದರೂ ಹೊಳೆದಿರಬೇಕು. 2015ರ ಟೊರಾಂಟೊ, 2017ರ ಷಿಕಾಗೊ, ಅದೇ ವರ್ಷದ ಮೆಕ್ಸಿಕೊ ಕಚೇರಿಗಳ ಮುದ್ರಿಕೆಗಳಲ್ಲಿ ಸಭೆ ತನ್ನ ಸ್ಥಾನದಲ್ಲಿ ಕುಳಿತಿದೆ. ಇವುಗಳಲ್ಲಿ ಷಿಕಾಗೊ ಕಚೇರಿಯನ್ನು ನಾನು ಮೇಲೆಂದು ಎಣಿಸುತ್ತೇನೆ.

2021ರ ಡಿಸೆಂಬರ್ 8ರಂದು ಟೋಕಿಯೋದಲ್ಲಿ ನುಡಿಸಿದ್ದು ಕೊನೆಯ ಕಚೇರಿಯಾಯಿತು. ಅಷ್ಟರೊಳಗೆ ಹಳೆಯ ವರ್ಷಗಳ ಟೇಪುಗಳೆಲ್ಲ ಇಪ್ಪತ್ತಕ್ಕೂ ಮಿಕ್ಕಿದ ತಟ್ಟೆಗಳ ಬೃಹತ್ ಪೆಟ್ಟಿಗೆಗಳಾಗಿ, 1969ಕ್ಕೊಂದು, 1970ರಿಂದ 1972ಕ್ಕೊಂದು, 1974ಕ್ಕೊಂದರಂತೆ ಬಂದಾಗಿದ್ದುವು. 2019ರವರೆಗೆ ಹಟದಿಂದ ದೂರವಿರಿಸಿದ್ದ ಅಂತರ್ಜಾಲದ ಸಂಗೀತಸೇವೆಗಳಿಗೂ ತಂಡ ಒಪ್ಪಿಗೆಯನ್ನು ಕೊಟ್ಟಾಗಿತ್ತು. ಹೊಸಬರು ಆ ಪೆಟ್ಟಿಗೆಗಳ ಗೋಜಿಗೆ ಹೋಗುವುದು ಬೇಡ. ಮೊದಲು 'ಆಬ್ಸೆಂಟ್ ಲವರ್ಸ್' ಕೇಳಲಿ. ಆಮೇಲೆ ಒಂದು ಬಿಡುವಿನ ಸಂಜೆ 'ಸ್ಟಾರ್‌ಲೆಸ್' ಎಲ್‌ಪಿಯಲ್ಲಿನ 'ಫ್ರ್ಯಾಕ್ಚರ್' ಎಂಬ ಹನ್ನೊಂದು ನಿಮಿಷಗಳ ಕೃತಿಯನ್ನೂ, 'ನೈಟ್ ವಾಚ್' ಸಿ.ಡಿ.ಯಲ್ಲಿ ಸಭೆಯೊಡನೆ ಹಿಡಿದಿಟ್ಟ ಅದೇ ವಾದನವನ್ನೂ ಒಂದರ ಹಿಂದೊಂದು ಕೇಳಿ, ಯಾವುದು ಹೆಚ್ಚೆಂದು ಮನೆಯವರೊಡನೆ ವಾದಿಸಲಿ. 'ಅರ್ತ್‌ಬೌಂಡ್' ಅದಾದ ಮೇಲೆ, ಬಾಗಿಲು ಹಾಕಿಕೊಂಡು.